ಪೆಟೂನಿಯಾ ಹೂವಿಗೆ ಮಲ್ಲಿಗೆಯ ಪರಿಮಳ: ನಾವು ಮಾಡುವ ಕ್ರಮ

ಶಂಕರಪುರ ಮಲ್ಲಿಗೆಯ ಪರಿಮಳ ಒಂದೇ ರಾಸಾಯನಿಕದ್ದಲ್ಲ. ಬೆಂಜೈಲ್ ಅಸಿಟೇಟ್, ಲಿನಲೂಲ್, ಫಾರ್ನೆಸೀನ್, ಇಂಡೋಲ್ ಎಲ್ಲ ಸೇರಿ ಆ ಘಮ. ಇವುಗಳಲ್ಲಿ ಬೆಂಜೈಲ್ ಅಸಿಟೇಟನ್ನು ಬೇರೆ ಹೂವಿನಲ್ಲಿ ಹುಟ್ಟಿಸುವುದು ಮಂಗಳೂರಿನ ನಮ್ಮ ಲ್ಯಾಬಿನ ಕೆಲಸ. ಮಲ್ಲಿಗೆ ಗಿಡಕ್ಕೇ ಜೀನ್ ಸೇರಿಸೋಣವೆಂದರೆ ಅದರ ಎಲೆ ತುಂಡಿನಿಂದ ಚಿಗುರು ಎಬ್ಬಿಸುವುದು ಬಹಳ ಕಷ್ಟ. ಪೆಟೂನಿಯಾದಲ್ಲಿ ಅದು ಸಲೀಸು, ಅದಕ್ಕೇ ಬಿಳಿ ಹೂವಿನ ಮಿಚೆಲ್ ತಳಿ.

ಜೀನ್ ಮುಟ್ಟುವ ಮೊದಲು ದಳದಲ್ಲಿ ಕಚ್ಚಾವಸ್ತು ಉಂಟಾ ನೋಡಬೇಕು. 2001ರಲ್ಲಿ ಪೆಟೂನಿಯಾಕ್ಕೆ ಲಿನಲೂಲ್ ಜೀನ್ ಹಾಕಿದಾಗ ಲಿನಲೂಲ್ ಹುಟ್ಟಿತು, ಆದರೆ ಗಿಡ ಅದಕ್ಕೆ ಸಕ್ಕರೆ ಜೋಡಿಸಿ ಒಳಗೇ ಇಟ್ಟುಕೊಂಡಿತು. ಪರಿಮಳ ಹೊರಗೆ ಬರಲಿಲ್ಲ. 2004ರಲ್ಲಿ ಸ್ಟ್ರಾಬೆರಿಯ ಜೀನ್ ಹಾಕಿದವರಿಗೆ ಹೊರಗಿನಿಂದ ಆಲ್ಕೊಹಾಲ್ ಕೊಟ್ಟ ಮೇಲಷ್ಟೇ ಎಸ್ಟರ್ (ಬೆಂಜೈಲ್ ಅಸಿಟೇಟಿನ ಜಾತಿಯ ಪರಿಮಳದ ವಸ್ತು) ಸಿಕ್ಕಿತು. 2006ರಲ್ಲಿ ಗುಲಾಬಿಯ ಅಸಿಟೈಲ್ ಟ್ರಾನ್ಸ್‌ಫರೇಸ್ (ಆಲ್ಕೊಹಾಲನ್ನು ಅಸಿಟೇಟ್ ಮಾಡುವ ಕಿಣ್ವ) ಜೀನ್ ಮಾತ್ರ ಪೆಟೂನಿಯಾದಲ್ಲಿ ಬೆಂಜೈಲ್ ಅಸಿಟೇಟ್ ಕೊಟ್ಟಿತು, ಏಕೆಂದರೆ ಬೆಂಜೈಲ್ ಆಲ್ಕೊಹಾಲ್ ಆ ದಳದಲ್ಲೇ ಇತ್ತು. ನಾವೂ ಆ ಬಗೆಯ ಜೀನನ್ನೇ ಬಳಸುತ್ತೇವೆ.

ಎಳೆಯ ಎಲೆಯನ್ನು ಒಂದು ಸೆಂ.ಮೀ. ಬಿಲ್ಲೆಗಳಾಗಿ ಕತ್ತರಿಸಿ, ಜೀನ್ ಹೊತ್ತ ಅಗ್ರೋಬ್ಯಾಕ್ಟೀರಿಯಂ (ಗಿಡಕ್ಕೆ ಜೀನ್ ದಾಟಿಸುವ ಬ್ಯಾಕ್ಟೀರಿಯಾ) ದ್ರಾವಣದಲ್ಲಿ (ಮಬ್ಬಿನ ಅಳತೆ, ಅಂದರೆ ಒ.ಡಿ., 600 ನ್ಯಾನೋಮೀಟರಿನಲ್ಲಿ 0.5) ಹತ್ತು ನಿಮಿಷ ಅದ್ದಿ, ಚೆನ್ನಾಗಿ ಒರೆಸಿ, ಎರಡು ದಿನ ಕತ್ತಲೆಯಲ್ಲಿ ಇಡುತ್ತೇವೆ. ಮುಂದಿನ ಮಾಧ್ಯಮ: ಎಂಎಸ್ (ಮುರಾಶಿಗೆ-ಸ್ಕೂಗ್) ಲವಣ, ಲೀಟರಿಗೆ ಸಕ್ಕರೆ 30 ಗ್ರಾಂ, ಅಗಾರ್ 8 ಗ್ರಾಂ, ಬಿಎಪಿ 2 ಮಿ.ಗ್ರಾಂ, ಎನ್‌ಎಎ 0.1 ಮಿ.ಗ್ರಾಂ (ಇವೆರಡೂ ಸಸ್ಯ ಹಾರ್ಮೋನು), ಪಿಎಚ್ 5.8. ಆಟೋಕ್ಲೇವ್ ಆಗಿ 50 ಡಿಗ್ರಿಗೆ ಇಳಿದ ಮೇಲೆ ಕ್ಯಾನಮೈಸಿನ್ 100 ಮಿ.ಗ್ರಾಂ (ಜೀನ್ ಸೇರದ ಚಿಗುರನ್ನು ತಡೆಯಲು), ಸೆಫೊಟಾಕ್ಸಿಮ್ 300 ಮಿ.ಗ್ರಾಂ (ಅಗ್ರೋಬ್ಯಾಕ್ಟೀರಿಯಂ ಕೊಲ್ಲಲು). ಬಿಸಿಯಿರುವಾಗಲೇ ಸುರಿದರೆ ಸೆಫೊಟಾಕ್ಸಿಮ್ ಹಾಳು; ಅಗ್ರೋಬ್ಯಾಕ್ಟೀರಿಯಂ ಬದುಕಿ ಕಾಡುತ್ತದೆ. ಎರಡು ವಾರಕ್ಕೊಮ್ಮೆ ಮಾಧ್ಯಮ ಬದಲಿಸಿ. ಚಿಗುರನ್ನು ಹಾರ್ಮೋನಿಲ್ಲದ ಅರ್ಧ ಎಂಎಸ್‌ನಲ್ಲಿ ಕ್ಯಾನಮೈಸಿನ್ ಹಾಕಿಯೇ ಬೇರು ಬಿಡಿಸಬೇಕು: ಅಲ್ಲಿ ಬೇರು ಬಿಡದ್ದು ಸಾಮಾನ್ಯವಾಗಿ ಜೀನ್ ಸೇರದ ಸುಳ್ಳು ಚಿಗುರು. ಜೀನ್ ಸೇರಿದೆಯೇ ಎಂದು ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡುವಾಗ ಬ್ಯಾಕ್ಟೀರಿಯಾದ್ದೇ ಆದ ಒಂದು ಜೀನನ್ನೂ ಹುಡುಕಿ. ಅದು ಸಿಕ್ಕಿದರೆ ಬ್ಯಾಕ್ಟೀರಿಯಾ ಇನ್ನೂ ಉಳಿದಿದೆ, ಗಿಡದ ಫಲಿತಾಂಶ ನಂಬುವಂತಿಲ್ಲ.

ಕರಾವಳಿಯಲ್ಲಿ ಮಳೆಗಾಲವೇ ದೊಡ್ಡ ತೊಂದರೆ. ಪೆಟ್ರಿ ಡಿಶ್ ಅಂಚಿನ ಟೇಪಿನಡಿಯಿಂದ ಬೂಸ್ಟು ನುಗ್ಗುತ್ತದೆ. ಕರೆಂಟ್ ಹೋಗಿ ಎಸಿ ನಿಂತರೆ ಮುಚ್ಚಳದಲ್ಲಿ ನೀರು ಕೂತು ಚಿಗುರು ಗಾಜಿನಂತಾಗುತ್ತದೆ. ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಹೊಸ ಬಿಲ್ಲೆ ಹಾಕದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಅಳತೆಯಲ್ಲಿಯೇ ಹೆಚ್ಚಿನವರು ಎಡವುವುದು. ಮಿಚೆಲ್ ತಳಿ ಪರಿಮಳ ಬಿಡುವುದು ರಾತ್ರಿ. ಹಗಲಲ್ಲಿ ಅಳೆದು ‘ಜೀನ್ ಕೆಲಸ ಮಾಡಿಲ್ಲ’ ಎನ್ನಬೇಡಿ. ಸಂಜೆ ಆರರಿಂದ ಬೆಳಗಿನವರೆಗೆ, ತೊಟ್ಟು ಶೇ. 3ರ ಸಕ್ಕರೆ ನೀರಿನಲ್ಲಿರುವ ಹೂವನ್ನು ಗಾಜಿನ ಜಾರಿನಲ್ಲಿಟ್ಟು, ಇದ್ದಿಲಿನಲ್ಲಿ ಸೋಸಿದ ಗಾಳಿಯನ್ನು ನಿಮಿಷಕ್ಕೆ 100 ಮಿ.ಲೀ. ಹರಿಸಿ, 50 ಮಿ.ಗ್ರಾಂ ಪೊರಪ್ಯಾಕ್ ಕ್ಯೂನಲ್ಲಿ (ಪರಿಮಳ ಹೀರುವ ಪಾಲಿಮರ್ ಪುಡಿ) ಹಿಡಿಯುತ್ತೇವೆ. ಇಲ್ಲಿನ ತೇವಕ್ಕೆ ಇದ್ದಿಲಿನ ಮುಂದೆ ಸಿಲಿಕಾ ಜೆಲ್ ಇರಲೇಬೇಕು. ಬಳಿಕ ನ್ಯಾಫ್ತಲೀನ್ ಮಾನಕ ಸೇರಿಸಿದ 200 ಮೈಕ್ರೋಲೀಟರ್ ಡೈಕ್ಲೋರೋಮೀಥೇನಿನಲ್ಲಿ ತೊಳೆದು ಜಿಸಿ-ಎಂಎಸ್‌ಗೆ (ರಾಸಾಯನಿಕಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರ). ನೈಟ್ರೋಜನ್ ಊದಿ ಸಾಂದ್ರ ಮಾಡಬೇಡಿ, ಹಗುರವಾದವು ಹಾರಿಹೋಗುತ್ತವೆ. ಯಂತ್ರದಲ್ಲಿ ಬೆಂಜೈಲ್ ಅಸಿಟೇಟಿನ ಗುರುತು 108, 91, 150 ತೂಕದ ತುಣುಕುಗಳು. ಆದರೂ ಯಂತ್ರದಿಂದ ಹೊರಬರುವ ಸಮಯ ಶುದ್ಧ ಬೆಂಜೈಲ್ ಅಸಿಟೇಟಿನದರೊಂದಿಗೆ ಹೊಂದಲೇಬೇಕು. ಜೊತೆಗೆ ಬೆಂಜೈಲ್ ಬೆಂಜೋಯೇಟಿನ ಶಿಖರವನ್ನೂ ನೋಡಿ: ಗಿಡ ಅದನ್ನೂ ಅದೇ ಆಲ್ಕೊಹಾಲಿನಿಂದಲೇ ಮಾಡುತ್ತದೆ, ಒಂದು ಏರಿದರೆ ಇನ್ನೊಂದು ಇಳಿಯಬಹುದು. ಸೆಕೆ ಹೆಚ್ಚಾದರೆ ಪೆಟೂನಿಯಾದ ಪರಿಮಳವೇ ತಗ್ಗುತ್ತದೆ. ಹೋಲಿಕೆಯ ಸಾದಾ ಗಿಡ ಅದೇ ಕೋಣೆಯಲ್ಲಿ, 22ರಿಂದ 25 ಡಿಗ್ರಿಯಲ್ಲಿ, ಅದೇ ದಿನ ಅರಳಿದ್ದಿರಬೇಕು.

ಇದೆಲ್ಲಕ್ಕೆ ಮೊದಲು, 1989ರ ನಿಯಮದಂತೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಮೊಗ್ಗಿಗೆ ಚೀಲ ಕಟ್ಟಿ, ರಾತ್ರಿ ಪತಂಗಗಳು ಒಳಬರದ ಬಲೆಯ ಮನೆಯಲ್ಲೇ ಗಿಡವಿಡಿ. ಮುಗಿದ ಗಿಡ, ಮಣ್ಣು ಎರಡನ್ನೂ ಆಟೋಕ್ಲೇವ್ ಮಾಡಿಯೇ ಹೊರಹಾಕಬೇಕು.