ಗೊಬ್ಬರದಂಗಡಿಯಲ್ಲಿ ಕಾದಂಬರಿ ಮಾರಿದ ನನ್ನ ಅನುಭವ

ಗೊಬ್ಬರದಂಗಡಿಯಲ್ಲಿ ಕಾದಂಬರಿ ಯಾರು ಕೊಳ್ಳುತ್ತಾರೆ ಎಂದು ನಕ್ಕವರಲ್ಲಿ ಇಬ್ಬರು ಪ್ರಕಾಶಕರು, ಒಬ್ಬ ವಿತರಕ ಹಾಗೂ ನನ್ನ ಮನೆಯವರೆಲ್ಲರೂ ಇದ್ದರು. ಮೊದಲ ಮುದ್ರಣದ ಸಾವಿರ ಪ್ರತಿಗಳಲ್ಲಿ ಈಗ ನನ್ನ ಬಳಿ ಉಳಿದಿರುವುದು ಅರವತ್ತೋ ಎಪ್ಪತ್ತೋ. ಹೋದವುಗಳಲ್ಲಿ ಆರುನೂರಕ್ಕೂ ಹೆಚ್ಚು ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿ ಮತ್ತು ಸಿರವಾರದ ಬೀಜ-ಗೊಬ್ಬರದ ಅಂಗಡಿಗಳಿಂದಲೇ ಹೋದವು. ಕೈಯಿಂದ ದುಡ್ಡು ಹಾಕಿ ಪುಸ್ತಕ ಮಾಡಿ, ಮಂಚದ ಕೆಳಗೆ ಕಟ್ಟುಗಳನ್ನು ಒಟ್ಟಿಕೊಂಡಿರುವ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಪುಸ್ತಕ 2023ರ ಬೇಸಿಗೆಯಲ್ಲಿ ಅಚ್ಚಾಯಿತು. ಡೆಮಿ 1/8 ಅಳತೆ, 232 ಪುಟ, 70 ಜಿಎಸ್ಎಂ ದಪ್ಪದ ಕಾಗದ. ಡಿಟಿಪಿ, ಕರಡು ತಿದ್ದುವಿಕೆ, ಮುಖಪುಟ, ಸಾಗಣೆ ಎಲ್ಲ ಸೇರಿ ತೊಂಬತ್ತು ಸಾವಿರ ದಾಟಿತು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಒಂದೇ ಉಚಿತವಾಗಿ ಸಿಕ್ಕಿದ್ದು. ಬೆಲೆಯನ್ನು 220 ರೂಪಾಯಿ ಇಟ್ಟೆ. 266 ರೂಪಾಯಿ 50 ಪೈಸೆಯ ಯೂರಿಯಾ ಚೀಲಕ್ಕಿಂತ ಅದು ಕಡಿಮೆ ಇರಬೇಕೆಂಬುದು ಆಗಲೇ ನನ್ನ ತಲೆಯಲ್ಲಿತ್ತು. ಆದರೂ ಹಿರಿಯರ ಮಾತು ಕೇಳಿ ಇನ್ನೂರು ಪ್ರತಿಗಳನ್ನು ವಿತರಕರೊಬ್ಬರಿಗೆ ಕಳುಹಿಸಿದೆ. ಅವರ ಕರಾರು ನಿಮಗೆ ಗೊತ್ತಿರುವಂಥದ್ದೇ: ಅರ್ಧ ಬೆಲೆ ಅವರಿಗೆ, ಸಾಗಣೆ ನನ್ನದು, ಲೆಕ್ಕ ವರ್ಷದ ನಂತರ. ವರ್ಷ ಕಳೆದು, ಹತ್ತಾರು ಬಾರಿ ಫೋನ್ ಮಾಡಿದ ಮೇಲೆ ಕೈಗೆ ಬಂದದ್ದು ಏಳು ಸಾವಿರದಷ್ಟು ಹಣ ಮತ್ತು ಅಂಚು ಮುದುಡಿದ, ಬೆನ್ನಿನ ಮೇಲೆ ಸ್ಟಿಕ್ಕರಿನ ಅಂಟು ಉಳಿದ ನೂರಿಪ್ಪತ್ತು, ನೂರಮೂವತ್ತು ಪ್ರತಿಗಳು. ಪತ್ರಿಕೆಗಳಿಗೂ ವಿಮರ್ಶಕರಿಗೂ ಕಳುಹಿಸಿದ ಗೌರವಪ್ರತಿಗಳಿಂದ ಎರಡು ಒಳ್ಳೆಯ ವಿಮರ್ಶೆಗಳು ಬಂದವು. ಅವುಗಳನ್ನು ಓದಿ ಪುಸ್ತಕ ಕೇಳಿದವರು ಐವರಿಗಿಂತ ಹೆಚ್ಚಿರಲಿಕ್ಕಿಲ್ಲ.

ಕಾದಂಬರಿಯ ವಸ್ತು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಒಂದು ಊರು, ಅಲ್ಲಿ ನೀರಿಗಾಗಿ ರಾತ್ರಿಯಿಡೀ ತೂಬು ಕಾಯುವ ಎರಡು ಮನೆತನಗಳು. ಕಾಲುವೆಯ 104ನೇ ಮೈಲಿನಲ್ಲಿ ಇವತ್ತು ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ಬೆಳಗಾದರೆ ಕೇಳುವ ಜನರೇ ನನ್ನ ಓದುಗರು, ಮತ್ತು ಅವರು ಪುಸ್ತಕದಂಗಡಿಗೆ ಬರುವವರಲ್ಲ. ಅವರು ಬರುವುದು ಗೊಬ್ಬರಕ್ಕೆ. ಲಾರಿ ಬರುವವರೆಗೆ, ಆಧಾರ್ ಯಂತ್ರದ ಮೇಲೆ ಬೆರಳೊತ್ತುವ ಸರದಿ ಬರುವವರೆಗೆ, ಅವರು ಅಲ್ಲಿ ಒಂದೆರಡು ತಾಸು ಸುಮ್ಮನೆ ಕುಳಿತಿರುತ್ತಾರೆ. 2024ರ ಮುಂಗಾರಿನ ಆರಂಭದಲ್ಲಿ ಪರಿಚಯದ ನಾಲ್ಕು ಅಂಗಡಿಗಳಲ್ಲಿ ಐದೈದು ಪ್ರತಿಗಳನ್ನು ಇಟ್ಟೆ. ಸುಮಾರು ಒಂದು ತಿಂಗಳು ಒಂದೂ ಅಲುಗಲಿಲ್ಲ. ಪ್ಲಾಸ್ಟಿಕ್ ಹೊದಿಕೆಯ ಹೊಸ ಪುಸ್ತಕವನ್ನು ಮಣ್ಣುಗೈಯಲ್ಲಿ ಮುಟ್ಟಲು ಜನ ಹಿಂಜರಿಯುತ್ತಿದ್ದರು.

ಆಗ ವಿತರಕರಿಂದ ವಾಪಸು ಬಂದ ಕೆಟ್ಟ ಪ್ರತಿಗಳು ಉಪಯೋಗಕ್ಕೆ ಬಂದವು. ಅಂಥದೊಂದು ಪ್ರತಿಯ ಹೊದಿಕೆ ಕಿತ್ತು, ಕೊನೆಯ ಎಪ್ಪತ್ತು ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಮೂಲೆಗೆ ತೂತು ಹೊಡೆದು ಸುತಳಿ ದಾರದಿಂದ ಗಲ್ಲಾ ಪಕ್ಕದ ಮೊಳೆಗೆ ಕಟ್ಟಿದೆ. ವಾರದೊಳಗೆ ಅದರ ಪುಟಗಳ ಮೇಲೆ ಹೆಬ್ಬೆರಳಿನ ಗುರುತುಗಳು ಮೂಡಿದವು, ನಡುವೆ ಡಿಎಪಿ ಗೊಬ್ಬರದ ಕಾಳುಗಳು ಸಿಕ್ಕಿಕೊಂಡವು. ಹದಿನೈದು ದಿನಕ್ಕೆ ಆ ಅಂಗಡಿಯ ಐದೂ ಪ್ರತಿಗಳು ಮುಗಿದು, ಮತ್ತೆ ತಾ ಎಂಬ ಫೋನ್ ಬಂತು. ಎಲ್ಲಿಗೆ ಕತ್ತರಿಸಬೇಕು ಎಂಬುದರಲ್ಲಿಯೇ ಇದರ ಜೀವ ಇದೆ. ಅದನ್ನು ನಾಲ್ಕೈದು ಅಂಗಡಿಗಳಲ್ಲಿ ಬೇರೆ ಬೇರೆ ಪುಟಕ್ಕೆ ಕತ್ತರಿಸಿ ನೋಡಿ ಕಂಡುಕೊಂಡಿದ್ದೇನೆ, ಇಲ್ಲಿ ಹೇಳುವುದಿಲ್ಲ. ಅಂಗಡಿಯವರಿಗೆ ಕೊಡುವ ಚೀಟಿಯಲ್ಲಿ ಏನು ಬರೆದಿರುತ್ತೇನೆ ಎಂಬುದೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಅದೇ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟ್ ಕೂರಿಸುವವರೆಗಿನ ಆ ಒಂದು ವಾರ ಎಲ್ಲರ ಬಾಯಲ್ಲೂ ನೀರಿನದೇ ಮಾತು. ನೂರರ ಆಸುಪಾಸು ಪ್ರತಿಗಳು ಆ ದಿನಗಳಲ್ಲಿಯೇ ಹೋದವು. ಗೇಟಿನಿಂದಲೇ ನಿನ್ನ ಪುಸ್ತಕ ಹೋಯಿತು ಎನ್ನುವವರಿದ್ದಾರೆ. ಉಳಿದ ಐನೂರು ಯಾವ ಗೇಟಿನಿಂದ ಹೋದವು ಎಂದು ಅವರನ್ನೇ ಕೇಳಬೇಕು.

ಅಂಗಡಿಯವರಿಗೆ ಪ್ರತಿಗೆ ನಲವತ್ತು ರೂಪಾಯಿ ಕೊಡುತ್ತೇನೆ. ಯೂರಿಯಾ ಚೀಲದಲ್ಲಿ ಅವರಿಗೆ ಉಳಿಯುವುದು ಅತ್ಯಲ್ಪವಾದ್ದರಿಂದ ಈ ನಲವತ್ತು ಅವರಿಗೆ ಸಣ್ಣದಲ್ಲ. ನನಗೆ ಬರುವ ನೂರಾ ಎಂಬತ್ತರಲ್ಲಿ ಅಚ್ಚಿನ ಖರ್ಚು, ಬೈಕಿನ ಪೆಟ್ರೋಲು ಕಳೆದರೆ ಎಪ್ಪತ್ತರಷ್ಟು ಮಿಗುತ್ತದೆ. ಹೆಚ್ಚಿನ ಮಾರಾಟ ಉದ್ರಿಯೇ. ಮಾನ್ವಿಯ ಅಂಗಡಿಯೊಂದರ ಉದ್ರಿ ಪುಸ್ತಕದಲ್ಲಿ ‘ಯೂರಿಯಾ 4, ಪೊಟ್ಯಾಶ್ 1, ಕಾದಂಬರಿ 1’ ಎಂದು ಒಂದೇ ಸಾಲಿನಲ್ಲಿ ಬರೆದದ್ದನ್ನು ಫೋಟೊ ತೆಗೆದು ಇಟ್ಟುಕೊಂಡಿದ್ದೇನೆ. ಆ ಉದ್ರಿ ಭತ್ತ ತೂಕವಾದ ಮೇಲೆ ತೀರುತ್ತದೆ. ಅದರಲ್ಲಿ ಮುಳುಗಿದ್ದು ಇಪ್ಪತ್ತು ಪ್ರತಿಗಳ ಬಾಬತ್ತು ಇರಬಹುದು.

ಪಕ್ಕದ ಪ್ರಯೋಗಗಳನ್ನೂ ಮಾಡಿದೆ. ಲಕ್ಷಾಂತರ ಜನ ಸೇರುವ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಮೇಜು ಹಾಕಿ ನಲವತ್ತು ಪ್ರತಿ ಮಾರಿದೆ. ಗಾಡಿ ಮತ್ತು ಊಟದ ಖರ್ಚಿಗೆ ಅದು ಸರಿಹೋಯಿತು. ಮೊದಲ ಅಧ್ಯಾಯವನ್ನು ನಾನೇ ಓದಿ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದಾಗ ಮೆಚ್ಚಿದವರು ಬಹಳ, ಕೊಂಡವರು ಕಡಿಮೆ. ಗೃಹಪ್ರವೇಶಕ್ಕೆ ಬಂದವರಿಗೆ ಸ್ಟೀಲ್ ಡಬ್ಬಿಯ ಬದಲು ಪುಸ್ತಕ ಕೊಡುವಂತೆ ಸಿರವಾರದ ಕಡೆಯ ಒಬ್ಬ ರೈತರನ್ನು ಒಪ್ಪಿಸಿ ನೂರು ಪ್ರತಿಗಳನ್ನು ನೂರೈವತ್ತರಂತೆ ಕೊಟ್ಟೆ. ನಗದು ಕೈಗೆ ಬಂದದ್ದು ಅದೊಂದರಲ್ಲೇ. ಅಂಚೆಯನ್ನು ಬಹುತೇಕ ಕೈಬಿಟ್ಟಿದ್ದೇನೆ. ಕಡಿಮೆ ದರದ ನೋಂದಾಯಿತ ಪುಸ್ತಕ ಅಂಚೆ 2024ರ ಡಿಸೆಂಬರ್‌ನಲ್ಲಿ ನಿಂತ ಮೇಲೆ ಒಂದೊಂದೇ ಪ್ರತಿ ಕಳುಹಿಸುವುದು ನನ್ನ ಲೆಕ್ಕಕ್ಕೆ ಕೂಡುವುದಿಲ್ಲ.

ಎರಡನೆಯ ಮುದ್ರಣ ಏಳುನೂರು ಪ್ರತಿಗಳದ್ದು, ಅಚ್ಚಿನ ಮನೆಗೆ ಮುಂಗಡ ಕೊಟ್ಟಾಗಿದೆ. ಈ ಬಾರಿ ಅಂಗಡಿಗಳ ಮಾದರಿ ಪ್ರತಿಗಳಿಗಾಗಿ ಹೊಲಿಗೆ ಹಾಕಿದ, ಕೊನೆಯ ಪುಟಗಳಿಲ್ಲದ ಮೂವತ್ತು ಪ್ರತಿಗಳನ್ನು ಬೇರೆಯಾಗಿಯೇ ಕಟ್ಟಿಸುತ್ತಿದ್ದೇನೆ. ಅಂಟಿನ ಬೈಂಡಿಂಗು ಗೊಬ್ಬರದಂಗಡಿಯಲ್ಲಿ ಎರಡು ತಿಂಗಳೂ ತಾಳುವುದಿಲ್ಲ.