ಎಂಜಿನಿಯರ್ ಕೆಲಸ ಬಿಟ್ಟು ಪಂಚಾಯ್ತಿಗೆ ಬಂದೆ: ನನ್ನ ಅನುಭವ

ಎಂಜಿನಿಯರಿಂಗ್ ಓದಿ ರಾಜಕೀಯಕ್ಕೆ ಬಂದವರು ಅಂದ ತಕ್ಷಣ ದೊಡ್ಡ ಹೆಸರುಗಳೇ ನೆನಪಾಗುತ್ತವೆ. ಪಟ್ನಾದಲ್ಲಿ ಎಲೆಕ್ಟ್ರಿಕಲ್ ಓದಿದ ನಿತೀಶ್ ಕುಮಾರ್, ಮುಂಬೈ ಐಐಟಿಯಿಂದ ಬಂದ ಮನೋಹರ್ ಪರಿಕ್ಕರ್, ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿ 2021ರಲ್ಲಿ ಮುಖ್ಯಮಂತ್ರಿಯಾದ ನಮ್ಮ ಬಸವರಾಜ ಬೊಮ್ಮಾಯಿ. ಸರ್ ಎಂ.ವಿ. ಹೆಸರನ್ನೂ ಸೇರಿಸುತ್ತಾರೆ. ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು, ನಿಜ. ಆದರೆ ಅವರು ಓಟು ಕೇಳಿಕೊಂಡು ಮನೆ ಮನೆಗೆ ಹೋಗಬೇಕಿರಲಿಲ್ಲ.

ನಾನಿರುವುದು ಗ್ರಾಮ ಪಂಚಾಯ್ತಿಯಲ್ಲಿ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿ. ಸಿವಿಲ್ ಎಂಜಿನಿಯರ್‌ಗೆ ಇಲ್ಲಿರುವಷ್ಟು ಕೆಲಸ ವಿಧಾನಸೌಧದಲ್ಲೂ ಇಲ್ಲ ಅಂತ ನಾನು ನಂಬಿದ್ದೇನೆ. ಕುಡಿಯುವ ನೀರು, ಚರಂಡಿ, ರಸ್ತೆ, ಕೆರೆ ಏರಿ. ಎಲ್ಲ ನಾವು ಕಾಲೇಜಿನಲ್ಲಿ ಓದಿದ್ದೇ ಅಲ್ವಾ?

ಬೆಂಗಳೂರಿನಲ್ಲಿ ಪೈಪ್‌ಲೈನ್ ಕೆಲಸ ಮಾಡಿಸುವ ಖಾಸಗಿ ಕಂಪನಿಯೊಂದರಲ್ಲಿದ್ದೆ. ಊರು ತಿಪಟೂರು ಕಡೆ. 2020ರ ಡಿಸೆಂಬರ್‌ನಲ್ಲಿ ಪಂಚಾಯ್ತಿ ಚುನಾವಣೆ ಬಂತು. ಈ ಚುನಾವಣೆಯಲ್ಲಿ ಪಕ್ಷದ ಗುರುತು ಇರುವುದಿಲ್ಲ. ಪಕ್ಷದವರು ಹಿಂದೆ ನಿಂತಿರುತ್ತಾರೆ, ಅದು ಬೇರೆ ಮಾತು. ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಅನ್ನುವುದು ಕಾಯ್ದೆಯ ಲೆಕ್ಕ. ಅಂದರೆ ಓಟು ಹಾಕುವವರೆಲ್ಲ ಮುಖ ಪರಿಚಯದವರೇ. ಭಾಷಣಕ್ಕೆ ಇಲ್ಲಿ ಬೆಲೆ ಕಡಿಮೆ. ನಿಮ್ಮ ಅಪ್ಪ ಯಾರ ಮದುವೆಗೆ ಚಪ್ಪರ ಹಾಕಿಸಿದ್ದರು ಅನ್ನುವುದಕ್ಕೆ ಬೆಲೆ ಜಾಸ್ತಿ. ನಾನು ಹ್ಯಾಂಡ್‌ಬಿಲ್‌ನಲ್ಲಿ ಒಂದೇ ವಿಷಯ ಬರೆಸಿದ್ದೆ: ಕೊನೇ ಬೀದಿಗೆ ನೀರು.

ನಿಲ್ಲುವ ಮೊದಲೇ ಒಂದು ವಿಷಯ ಖಚಿತ ಮಾಡಿಕೊಂಡಿದ್ದೆ. ಪಂಚಾಯ್ತಿಯ ಕಾಮಗಾರಿಯಲ್ಲಿ ಪಾಲು ಇರುವವನು ಸದಸ್ಯನಾಗಿ ಇರುವಂತಿಲ್ಲ. ಹಾಗಾಗಿ ಊರಿನಲ್ಲಿ ಗುತ್ತಿಗೆ ಕೆಲಸ ಮುಟ್ಟುವುದಿಲ್ಲ ಅಂತ ತೀರ್ಮಾನಿಸಿದೆ. ಗೌರವಧನದಲ್ಲಿ ಸಂಸಾರ ನಡೆಯುವುದಿಲ್ಲ. ಇವತ್ತಿಗೂ ತಾಲ್ಲೂಕು ಆಚೆ ಮನೆ ಪ್ಲಾನ್, ಎಸ್ಟಿಮೇಟ್ ಮಾಡಿಕೊಟ್ಟೇ ಜೀವನ. ಎಂಜಿನಿಯರ್‌ಗಳು ಪಂಚಾಯ್ತಿಗೆ ಬರುವುದಾದರೆ ಮೊದಲು ಯೋಚಿಸಬೇಕಾದ್ದು ಇದನ್ನೇ.

ಇನ್ನು ಆ ಕೊನೇ ಬೀದಿ. ಊರಿನ ಓವರ್‌ಹೆಡ್ ಟ್ಯಾಂಕ್‌ನಿಂದ ಹೊರಟ ಪೈಪು ಮೂರು ಬೀದಿ ದಾಟಿ ಅಲ್ಲಿಗೆ ಹೋಗುತ್ತದೆ. ನಲ್ಲಿ ಇದೆ, ನೀರಿಲ್ಲ. ಹೆಂಗಸರು ಬಿಂದಿಗೆ ಹಿಡಿದು ಸಿಸ್ಟನ್ (ಬೀದಿಯಲ್ಲಿಟ್ಟ ಸಣ್ಣ ನೀರಿನ ಟ್ಯಾಂಕ್) ಹತ್ತಿರ ಕ್ಯೂ ನಿಲ್ಲುತ್ತಿದ್ದರು. ಯಾರನ್ನು ಕೇಳಿದರೂ ಒಂದೇ ಉತ್ತರ: "ಆ ಬೀದಿ ಎತ್ತರದಲ್ಲಿದೆ, ನೀರು ಹತ್ತಲ್ಲ." ಇಷ್ಟು ವರ್ಷ ಅದನ್ನೇ ಎಲ್ಲರೂ ನಂಬಿದ್ದರು. ಆ ಬೀದಿಯವರೂ ನಂಬಿದ್ದರು.

ಸ್ನೇಹಿತರೊಬ್ಬರಿಂದ ಆಟೋ ಲೆವೆಲ್ ತಂದೆ, ನೆಲದ ಎತ್ತರ ತಗ್ಗು ಅಳೆಯುವ ದುರ್ಬೀನಿನಂಥ ಉಪಕರಣ ಅದು. ಸುಮ್ನೆ ನಾನೊಬ್ಬನೇ ಅಳೆದು ಬಂದು ಹೇಳಿದರೆ ಯಾರೂ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಭಾನುವಾರ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ, ಟ್ಯಾಂಕಿನ ಬುಡದಿಂದ ಶುರು ಮಾಡಿದೆ. ಸ್ಟಾಫ್, ಅಂದರೆ ಅಂಕಿ ಬರೆದ ಅಳತೆ ಕೋಲು, ಹಿಡಿಯಲು ಮೇಲಿನ ಬೀದಿ, ಕೊನೇ ಬೀದಿ ಎರಡೂ ಕಡೆಯ ಹುಡುಗರನ್ನು ಕರೆದೆ. ಸ್ಟಾಫ್ ತಗ್ಗಿನಲ್ಲಿದ್ದರೆ ಕಾಣುವ ಅಂಕಿ ದೊಡ್ಡದು, ದಿಬ್ಬದಲ್ಲಿದ್ದರೆ ಚಿಕ್ಕದು. ಇಷ್ಟೇ ಹೇಳಿಕೊಟ್ಟೆ. ಆಮೇಲೆ ಯಾರು ಬೇಕಾದರೂ ಬಂದು ಕಣ್ಣಿಟ್ಟು ನೋಡಬಹುದು. ಅಜ್ಜಿಯೊಬ್ಬರು ಸೆರಗು ಸರಿ ಮಾಡಿಕೊಂಡು ಬಗ್ಗಿ ನೋಡಿ, ಕಂಡ ಅಂಕಿಯನ್ನು ಜೋರಾಗಿ ಓದಿದರು. ಅದನ್ನೇ ಪುಸ್ತಕದಲ್ಲಿ ಬರೆದುಕೊಂಡೆವು. ಕೊನೇ ಬೀದಿಯಲ್ಲಿ ಲೆಕ್ಕ ಹಾಕಿದಾಗ ಆ ಬೀದಿ ಮೊದಲನೇ ಬೀದಿಗಿಂತ ಎರಡು ಮೀಟರ್‌ನಷ್ಟು ತಗ್ಗಿನಲ್ಲಿತ್ತು! ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

ನೀರು ಎಲ್ಲಿ ನಿಲ್ಲುತ್ತಿತ್ತು ಅಂತ ಹುಡುಕುವುದು ಕಷ್ಟವಾಗಲಿಲ್ಲ. ಮೇಲಿನ ಬೀದಿಗಳಲ್ಲಿ ಕೆಲವರು ನಲ್ಲಿ ಪೈಪಿಗೇ ಮೋಟರ್ ಜೋಡಿಸಿದ್ದರು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಒಂದು ಚದರ ಸೆಂಟಿಮೀಟರ್‌ಗೆ ಹೆಚ್ಚೂ ಕಮ್ಮಿ ಒಂದು ಕೆ.ಜಿ. ಮಾತ್ರ. ಅದರಲ್ಲಿ ಪೈಪಿನ ಉದ್ದಕ್ಕೂ ಒಂದಷ್ಟು ಕಳೆದುಹೋಗುತ್ತದೆ. ನಡುವೆ ನಾಲ್ಕು ಮೋಟರ್ ಎಳೆದರೆ ಕೊನೆಗೆ ಬರುವುದು ಗಾಳಿ.

ಎಂಜಿನಿಯರ್ ಆಗಿ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು. ಸದಸ್ಯನಾಗಿ ಶುರುವಾಗಿದ್ದು ಅಲ್ಲಿಂದ. ಮೋಟರ್ ಇಟ್ಟವರಲ್ಲಿ ನನ್ನ ಚುನಾವಣೆಗೆ ಓಡಾಡಿದವರೇ ಇದ್ದರು. ಸಂಬಂಧದಲ್ಲಿ ದೊಡ್ಡಪ್ಪ ಆಗಬೇಕಾದವರೊಬ್ಬರು ಮುಖಕ್ಕೇ ಕೇಳಿದರು: "ಅಲ್ಲಪ್ಪ, ನಿನ್ನ ಗೆಲ್ಲಿಸಿದೋರು ನಾವು. ನಮ್ಮ ಮೋಟ್ರೇ ಕೀಳಿಸ್ತೀಯಾ?"

"ಕೀಳಿಸೋದು ಆಮೇಲೆ, ದೊಡ್ಡಪ್ಪ. ನಿಮಗೆ ಅಷ್ಟು ನೀರು ಯಾಕೆ ಬೇಕು, ಅದು ಹೇಳಿ" ಅಂದೆ.

ಅವರು ಮಾತಾಡದೆ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಮೂರು ಸೀಮೆ ಹಸು, ಒಂದು ಎಮ್ಮೆ. ಡೇರಿಗೆ ಹಾಕುವ ಹಾಲಿನಿಂದಲೇ ಆ ಮನೆ ನಡೆಯುವುದು. ಹಾಲು ಕರೆಯುವ ಸೀಮೆ ಹಸು ಬೇಸಿಗೆಯಲ್ಲಿ ದಿನಕ್ಕೆ 60 ಲೀಟರ್‌ಗೂ ಮೇಲೆ ನೀರು ಕುಡಿಯುತ್ತದೆ. ಮನೆ ಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್. ದನಗಳು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಾಲಿನ ಮೇಲೆ ನಿಂತಿರುವ ಊರಿಗೆ ದನ ಬಿಟ್ಟು ಲೆಕ್ಕ ಹಾಕಿದರೆ, ಮೋಟರ್ ಕಿತ್ತ ಮರುದಿನ ಅದು ಮತ್ತೆ ಬಂದು ಕೂರುತ್ತದೆ. ಕೊಟ್ಟಿಗೆಯಲ್ಲಿ ನಿಂತಾಗಲೇ ನನಗಿದು ಸ್ಪಷ್ಟವಾಯಿತು.

ಹಾಗಾಗಿ ಎರಡು ಕೆಲಸ ಒಟ್ಟಿಗೆ ಹಿಡಿದೆವು. ಪೈಪ್‌ಲೈನ್‌ಗೆ ವಾಲ್ವ್ ಹಾಕಿ ಎರಡು ಭಾಗ ಮಾಡುವುದು, ಕೊನೇ ಬೀದಿಗೆ ಮೊದಲು ನೀರು ಬಿಡುವುದು. ಜೊತೆಗೆ ಹಳೇ ಬೋರ್‌ವೆಲ್ ಪಕ್ಕ ದನಗಳಿಗೆ ತೊಟ್ಟಿ. ಆ ಬೋರ್‌ನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಕುಡಿಯಲು ಬಳಸುತ್ತಿರಲಿಲ್ಲ. ಅದನ್ನೇ ದನಕ್ಕೆ ಕೊಡುವುದು ಸರಿಯಾ ಅಂತ ಪಶುವೈದ್ಯರನ್ನು ಕೇಳಿದೆವು. ನೀರು ಪರೀಕ್ಷೆ ಮಾಡಿಸಿ, ಅವರು ಆಗಬಹುದು ಅಂದ ಮೇಲೇ ತೊಟ್ಟಿ ಕಟ್ಟಿದ್ದು.

ದುಡ್ಡು 15ನೇ ಹಣಕಾಸು ಆಯೋಗದ್ದು, ಅಂದರೆ ಕೇಂದ್ರದಿಂದ ಪಂಚಾಯ್ತಿಗೆ ಬಂದ ಅನುದಾನ. 2021ರಿಂದ 2026ರವರೆಗಿನ ಆ ಅನುದಾನದಲ್ಲಿ ಶೇ. 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಅರ್ಧ ಅದಕ್ಕೆ, ಅರ್ಧ ಇದಕ್ಕೆ. ಹೊಸದಾಗಿ ಗೆದ್ದ ಸದಸ್ಯರಿಗೆ ಇದು ಗೊತ್ತಿರುವುದಿಲ್ಲ, ಎಲ್ಲ ದುಡ್ಡಲ್ಲೂ ಸಿಸಿ ರಸ್ತೆ ಕೇಳುತ್ತಾರೆ. ಕ್ರಿಯಾ ಯೋಜನೆ ಮಾಡುವ ಮೊದಲೇ ಕೂತು ಮಾತಾಡಿದರೆ ಅರ್ಧ ಜಗಳ ಕಡಿಮೆ. ಎಸ್ಟಿಮೇಟ್ ಮಾಡಿ ಸಹಿ ಹಾಕುವುದು ಇಲಾಖೆಯ ಜೆಇ (ಜೂನಿಯರ್ ಎಂಜಿನಿಯರ್). ನಾನು ಪಕ್ಕದಲ್ಲಿ ಕೂತು ಪೈಪಿನ ಅಳತೆ ಕೇಳಬಹುದು, ವಾಲ್ವ್ ಯಾವ ಜಾಗದಲ್ಲಿ ಅಂತ ತೋರಿಸಬಹುದು, ಅಷ್ಟೇ. ಈ ಗೆರೆ ದಾಟಬಾರದು. ದಾಟಿದರೆ ನಾಳೆ ಎಂ.ಬಿ. (ಮುಗಿದ ಕೆಲಸದ ಅಳತೆ ಪುಸ್ತಕ) ಬರೆಯುವಾಗ ಕೆಲಸ ಸರಿಯಿಲ್ಲ ಅಂತ ಕೇಳುವ ಬಾಯಿ ನಿಮಗೆ ಇರುವುದಿಲ್ಲ.

ಗ್ರಾಮಸಭೆಯಲ್ಲಿ ಗದ್ದಲವಾಯಿತು. ಆ ಹೊತ್ತಿಗೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿತ್ತು. ನಮ್ಮ ಅಧ್ಯಕ್ಷರು ಎದ್ದು ನಿಂತು, ಬೆಳಿಗ್ಗೆ ಯಾವ ಬೀದಿಗೆ, ಸಂಜೆ ಯಾವ ಬೀದಿಗೆ ಅಂತ ಹೊತ್ತು ಅವರೇ ಹೇಳಿದರು. ಹಾಲು ಕರೆಯುವ ಹೊತ್ತು, ಮಕ್ಕಳು ಸ್ಕೂಲಿಗೆ ಹೊರಡುವ ಹೊತ್ತು, ಎರಡನ್ನೂ ನೋಡಿ ಹಾಕಿದ ಹೊತ್ತು ಅದು. ನನ್ನ ಕಾಗದದ ಮೇಲಿದ್ದ ಟೈಮ್‌ಟೇಬಲ್‌ಗಿಂತ ಚೆನ್ನಾಗಿತ್ತು. ಅದನ್ನೇ ಪಂಚಾಯ್ತಿ ಗೋಡೆ ಮೇಲೆ ಬರೆಸಿದೆವು, ಕೆಳಗೆ ವಾಟರ್‌ಮ್ಯಾನ್ ಫೋನ್ ನಂಬರ್.

ದೊಡ್ಡಪ್ಪ ಮೋಟರ್ ಬಿಚ್ಚಿದ್ದು ತೊಟ್ಟಿ ತುಂಬಿದ ಮೇಲೆ. ಮಿಕ್ಕವರು ಅವರನ್ನು ನೋಡಿ ಬಿಚ್ಚಿದರು. ಒಂದು ಮನೆಯಲ್ಲಿ ಮಾತ್ರ ಇನ್ನೂ ಇದೆ, ಅವರ ಜೊತೆ ಮಾತು ನಡೆಯುತ್ತಲೇ ಇದೆ. ಕೊನೇ ಬೀದಿಗೆ ಈಗ ದಿನ ಬಿಟ್ಟು ದಿನ ನೀರು ಬರುತ್ತದೆ. ದಿನವೂ ಬರಬೇಕಾದರೆ ಟ್ಯಾಂಕಿಗೆ ಇನ್ನೊಂದು ಬೋರ್ ಜೋಡಿಸಬೇಕು. ಅದು ಮುಂದಿನ ಕ್ರಿಯಾ ಯೋಜನೆಯಲ್ಲಿ ಮೊದಲನೇ ಕೆಲಸ ಅಂತ ಬರೆಸಿದ್ದೇವೆ.