ಡಿಟಿಪಿ ಕೆಲಸ ಮತ್ತು ಕುತ್ತಿಗೆ ನೋವು: ನಾನು ಮಾಡಿಕೊಂಡ ಬದಲಾವಣೆಗಳು

ನಾನು ಕನ್ನಡ ಪುಸ್ತಕಗಳ ಡಿಟಿಪಿ ಮಾಡುತ್ತೇನೆ. ಟೈಪ್ ಮಾಡುವುದು, ಕರಡು ತಿದ್ದುವುದು, ಪುಟ ಕಟ್ಟುವುದು, ಹೀಗೆ ದಿನವೆಲ್ಲ ಕಂಪ್ಯೂಟರ್ ಮುಂದೆಯೇ. ಈ ಕೆಲಸದಲ್ಲಿ ಕುತ್ತಿಗೆ ಹಿಡಿದುಕೊಳ್ಳದವರು ಕಡಿಮೆ ಅಲ್ವಾ? ನನಗೂ ಕುತ್ತಿಗೆಯ ಎಡಭಾಗದಿಂದ ಹೆಗಲವರೆಗೆ ಸೆಳೆತ ಇತ್ತು. ಹೊಸ ಕುರ್ಚಿ ಕೊಳ್ಳದೆ, ಮೇಜಿನ ಮೇಲಿದ್ದ ಸಾಮಾನುಗಳ ಎತ್ತರ, ಜಾಗ ಬದಲಿಸಿಯೇ ಅದನ್ನು ದೂರ ಇಟ್ಟಿದ್ದೇನೆ.

ಎಡಕ್ಕೇ ಯಾಕೆ ನೋವು ಅಂತ ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಹಸ್ತಪ್ರತಿ ಎಡಗಡೆ ಮೇಜಿನ ಮೇಲೆ ಮಲಗಿರುತ್ತದೆ, ಒಂದು ಸಾಲು ಓದಲು ತಲೆ ಎಡಕ್ಕೆ ತಿರುಗಿ ಕೆಳಗೆ ಬಾಗಬೇಕು, ಮತ್ತೆ ಪರದೆ ನೋಡಬೇಕು, ಮತ್ತೆ ಕೆಳಗೆ. ನಮ್ಮ ತಲೆ ಸುಮಾರು 4ರಿಂದ 5 ಕಿಲೋ ತೂಗುತ್ತದೆ. ನೆಟ್ಟಗಿದ್ದಾಗ ಆ ಭಾರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಮುಂದಕ್ಕೆ ಬಾಗಿದಷ್ಟೂ ಅದನ್ನು ಕುತ್ತಿಗೆಯ ಹಿಂದಿನ ಸ್ನಾಯುಗಳೇ ಎಳೆದು ಹಿಡಿದಿರಬೇಕು. ಮನೆಯಲ್ಲಿ ರಾಮಾಯಣ ಓದಲು ಬಳಸುತ್ತಿದ್ದ ಮರದ ವ್ಯಾಸಪೀಠ ಇತ್ತಲ್ಲ, ಅದನ್ನು ತಂದು ಪರದೆಗೆ ಅಂಟಿದ ಹಾಗೆ ಇಟ್ಟು, ಕೆಳಗೆ ಎರಡು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿದೆ. ಹಾಳೆ ಈಗ ಕಣ್ಣಿನ ನೇರಕ್ಕೆ ನಿಲ್ಲುತ್ತದೆ. ಒಂದು ಪುಸ್ತಕಕ್ಕೆ ಎಡಗಡೆ, ಮುಂದಿನದಕ್ಕೆ ಬಲಗಡೆ ಇಡುತ್ತೇನೆ.

ಲ್ಯಾಪ್‌ಟಾಪ್ ಬಳಸುವವರಿಗೆ ಇನ್ನೊಂದು ತೊಂದರೆ. ಪರದೆ ಮೇಲೆತ್ತಿದರೆ ಕೀಬೋರ್ಡ್ ಎತ್ತರವಾಗುತ್ತದೆ, ಕೀಬೋರ್ಡ್ ಸರಿಯಾಗಿದ್ದರೆ ಪರದೆ ತಗ್ಗು. ಬೇರೆ ಕೀಬೋರ್ಡ್, ಮೌಸ್ ಕೊಳ್ಳಲೇಬೇಕು. ನಾನು ದುಡ್ಡು ಖರ್ಚು ಮಾಡಿದ್ದು ಇದಕ್ಕೆ ಮಾತ್ರ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಲಿ, ದೂರ ಒಂದು ತೋಳಿನಷ್ಟು. ಬೈಫೋಕಲ್ ಕನ್ನಡಕ ಇರುವವರು ಮಾತ್ರ ಪರದೆಯನ್ನು ಇನ್ನೂ ತಗ್ಗಿಸಬೇಕು. ಇಲ್ಲದಿದ್ದರೆ ಕೆಳಗಿನ ಗಾಜಿನಿಂದ ನೋಡಲು ಗಲ್ಲ ಎತ್ತಿಯೇ ಕೂರಬೇಕಾಗುತ್ತದೆ.

ಕೀಬೋರ್ಡ್ ಮೇಲೆ ಕೈಯಿಟ್ಟಾಗ ಹೆಗಲು ಕಿವಿಯ ಕಡೆಗೆ ಏರಿದ್ದರೆ ಮೇಜು ಎತ್ತರ ಜಾಸ್ತಿ ಅಂತ ಅರ್ಥ. ಮೇಜಿನ ಕಾಲು ಕೊಯ್ಯಲಾಗದು, ಕುರ್ಚಿ ಎತ್ತರಿಸಿ. ಆಗ ಪಾದ ನೆಲಕ್ಕೆ ತಾಗದಿದ್ದರೆ ಕೆಳಗೊಂದು ಮಣೆ ಇಟ್ಟುಕೊಳ್ಳಿ. ಮೊಣಕೈ ಮೈಗೆ ಹತ್ತಿರ ಇರಲಿ. ಪುಟ ಕಟ್ಟುವಾಗ ಮೌಸ್ ಕೆಲಸವೇ ಹೆಚ್ಚು. ನಂಬರ್ ಪ್ಯಾಡ್ ಇರುವ ಉದ್ದ ಕೀಬೋರ್ಡ್ ಆದರೆ ಮೌಸ್ ದೂರ ಹೋಗಿ, ಬಲಗೈ ದಿನವಿಡೀ ಹೊರಕ್ಕೆ ಚಾಚಿರುತ್ತದೆ. ಬಲ ಹೆಗಲು ನೋಯುವವರು ಮೊದಲು ಇದನ್ನು ನೋಡಿ. ನಾನು ನಂಬರ್ ಪ್ಯಾಡ್ ಇಲ್ಲದ ಗಿಡ್ಡ ಕೀಬೋರ್ಡ್ ತೆಗೆದುಕೊಂಡೆ.

ಕನ್ನಡದಲ್ಲಿ ಕೆಲಸ ಮಾಡುವವರು ಗಮನಿಸಲೇಬೇಕಾದ ಇನ್ನೊಂದು ವಿಷಯ ಅಕ್ಷರದ ಗಾತ್ರ. ದ ಇದೆಯೋ ಧ ಇದೆಯೋ, ಷ್ಟ ಸರಿಯೋ ಷ್ಠ ಸರಿಯೋ ಅಂತ ತಿಳಿಯಲು ಆ ಸಣ್ಣ ಸೀಳು, ಆ ಒತ್ತು ಕಾಣಬೇಕು. ಕಾಣದಿದ್ದರೆ ಗೊತ್ತಿಲ್ಲದೇ ಮೂಗು ಪರದೆಯ ಹತ್ತಿರ ಹೋಗುತ್ತದೆ, ಕುತ್ತಿಗೆಯೂ ಜೊತೆಗೆ. ಕರಡು ತಿದ್ದುವಾಗ ಜೂಮ್ 150ಕ್ಕೆ ಏರಿಸಿ, ಬೆನ್ನು ಕುರ್ಚಿಗೆ ತಾಗಿಸಿ ಓದುತ್ತೇನೆ. ಪುಟದ ಒಟ್ಟು ಅಂದ ನೋಡುವಾಗ ಮಾತ್ರ ಇಳಿಸುತ್ತೇನೆ.

ಇಷ್ಟೆಲ್ಲ ಸರಿ ಮಾಡಿಕೊಂಡರೂ ಎರಡು ಗಂಟೆ ಅಲ್ಲಾಡದೆ ಕೂತರೆ ನೋವು ಬರುತ್ತದೆ. ಎಷ್ಟೇ ಒಳ್ಳೆಯ ಭಂಗಿಯಾದರೂ ಅದರಲ್ಲೇ ಬಹಳ ಹೊತ್ತು ಇರಬಾರದು. ಅಲಾರಾಂ ನನಗೆ ಕಿರಿಕಿರಿ. ಅದಕ್ಕೇ ದೊಡ್ಡ ಬಾಟಲಿ ಬಿಟ್ಟು ಸಣ್ಣ ಲೋಟದಲ್ಲಿ ನೀರು ಇಟ್ಟುಕೊಂಡೆ. ಖಾಲಿಯಾದಾಗ ಎದ್ದು ಹೋಗಲೇಬೇಕು. ಎದ್ದಾಗ ಗಲ್ಲವನ್ನು ನೇರ ಹಿಂದಕ್ಕೆ ಎಳೆದು ಐದು ಎಣಿಸುವಷ್ಟು ಹಿಡಿದು ಬಿಡುತ್ತೇನೆ, ಹೀಗೆ ಎಂಟು ಹತ್ತು ಸಲ. ತಲೆ ಬಾಗಿಸಬಾರದು, ಹಿಂದೆ ಸರಿಸಬೇಕು ಅಷ್ಟೇ. ಆಮೇಲೆ ಎರಡೂ ರೆಕ್ಕೆ ಮೂಳೆಗಳನ್ನು ಹತ್ತಿರ ತರುವ ಹಾಗೆ ಹೆಗಲು ಹಿಂದಕ್ಕೆ ಒತ್ತುತ್ತೇನೆ. ಬಾಗಿಲ ಚೌಕಟ್ಟಿಗೆ ಮುಂಗೈ ಊರಿ ಎದೆ ಮುಂದೆ ತಂದರೆ ದಿನವಿಡೀ ಮುದುಡಿದ್ದ ಎದೆಯ ಸ್ನಾಯು ಸಡಿಲವಾಗುತ್ತದೆ. ಸುಮ್ನೆ ಎರಡು ನಿಮಿಷದ ಕೆಲಸ.

ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಟೈಪ್ ಮಾಡಬೇಡಿ, ಇಯರ್‌ಫೋನ್ ಹಾಕಿ. ಇನ್ನು ಕಟಿಂಗ್ ಶಾಪ್‌ನಲ್ಲಿ ಕುತ್ತಿಗೆ ತಿರುಚಿ ನೆಟಿಗೆ ಮುರಿಯುತ್ತಾರಲ್ಲ, ದಯವಿಟ್ಟು ಬೇಡ ಅನ್ನಿ. ಮೆದುಳಿಗೆ ರಕ್ತ ಹೋಗುವ ನಾಳಗಳು ಕುತ್ತಿಗೆಯಲ್ಲೇ ಇವೆ. ಜೋರಾಗಿ ತಿರುಚಿದಾಗ ಅವು ಹರಿದು ಪಾರ್ಶ್ವವಾಯು ಆದದ್ದಿದೆ. ನನಗೆ ಸೆಳೆತ ಇದ್ದ ದಿನ ಬಿಸಿನೀರಿನ ಚೀಲದ ಶಾಖ ಸಾಕಾಗುತ್ತದೆ.

ನೋವು ತೋಳಿಗೆ ಇಳಿದರೆ, ಬೆರಳು ಜೋಮು ಹಿಡಿದರೆ, ಕೈಯ ಬಲ ಕಡಿಮೆಯಾದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ಮೇಜು ಕುರ್ಚಿ ಸರಿ ಮಾಡುತ್ತಾ ಕೂರದೆ ವೈದ್ಯರ ಹತ್ತಿರ ಹೋಗಿ. ಹೆಗಲು ನೋವಿನ ಜೊತೆ ಎದೆ ಹಿಂಡಿದ ಹಾಗಾಗಿ ಬೆವರಿದರೆ ಅದು ಹೃದಯದ್ದಿರಬಹುದು, ಕೂಡಲೇ 108ಕ್ಕೆ ಫೋನ್ ಮಾಡಿ.